ದುಡಿಮೆಯ ಕರೆ, ದೇಶಾಂತರದ ಹಾದಿ
(ದತ್ತಿ ಉಪನ್ಯಾಸದ ಲಿಖಿತ ರೂಪ)

1. ಪ್ರಶ್ನೆಯ ಸ್ವರೂಪ

ಮನುಷ್ಯರು ಹುಟ್ಟಿದ ದೇಶವನ್ನು ಬಿಟ್ಟು ಬೇರೆ ದೇಶಕ್ಕೆ ಹೋಗುವುದೇಕೆ ಎಂಬ ಪ್ರಶ್ನೆಗೆ ಲೋಕರೂಢಿಯಲ್ಲಿ ಸಿದ್ಧವಾಗಿರುವ ಉತ್ತರ ಬಡತನ. ಹೊಟ್ಟೆಗಿಲ್ಲದವರು ಹೊಟ್ಟೆಗೆ ಸಿಗುವ ಕಡೆಗೆ ಹೋಗುತ್ತಾರೆ ಎಂಬ ಈ ವಿವರಣೆಯಲ್ಲಿ ಸತ್ಯಾಂಶವಿದೆಯಾದರೂ, ಅದನ್ನೇ ಪೂರ್ಣ ಉತ್ತರವೆಂದು ಒಪ್ಪಿಕೊಂಡರೆ ವಿವರಣೆಗೆ ಸಿಗದ ಸಂಗತಿಗಳೇ ಹೆಚ್ಚು ಉಳಿದುಬಿಡುತ್ತವೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಹುಟ್ಟಿದ ದೇಶದ ಹೊರಗೆ ಬದುಕುತ್ತಿರುವವರು ಸುಮಾರು 30 ಕೋಟಿ 40 ಲಕ್ಷ ಜನ. ಜಗತ್ತಿನ ಒಟ್ಟು ಜನಸಂಖ್ಯೆಯಲ್ಲಿ ಇದು ನೂರಕ್ಕೆ ನಾಲ್ಕರಷ್ಟೂ ಆಗುವುದಿಲ್ಲ. ಬಡತನವೊಂದೇ ಜನರನ್ನು ಗಡಿ ದಾಟಿಸುವಂತಿದ್ದರೆ ಈ ಸಂಖ್ಯೆ ಇದರ ಹಲವು ಪಟ್ಟು ಇರಬೇಕಾಗಿತ್ತು, ಮತ್ತು ಹೊರಟವರ ಸಾಲಿನಲ್ಲಿ ಅತ್ಯಂತ ಬಡ ದೇಶಗಳ ಅತ್ಯಂತ ಬಡವರೇ ಮುಂದಿರಬೇಕಾಗಿತ್ತು. ವಾಸ್ತವದಲ್ಲಿ ಕಡುಬಡವರು ಬಹುಪಾಲು ಇದ್ದಲ್ಲೇ ಉಳಿಯುತ್ತಾರೆ, ಇಲ್ಲವೇ ಹತ್ತಿರದ ಪೇಟೆ ಪಟ್ಟಣಗಳಿಗೆ ಹೋಗಿ ಬರುತ್ತಾರೆ.

ಕರ್ನಾಟಕದ ನಕ್ಷೆಯನ್ನು ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಒಣಭೂಮಿಯ ಕೂಲಿಕಾರರು ಮತ್ತು ಲಂಬಾಣಿ ತಾಂಡಾಗಳ ಕುಟುಂಬಗಳು ಗುಳೆ ಹೋಗುವುದು ಬೆಂಗಳೂರು, ಹೈದರಾಬಾದು, ಮುಂಬಯಿ, ಗೋವಾಗಳಿಗೆ, ಅಥವಾ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ. ಆದರೆ ಕೊಲ್ಲಿ ದೇಶಗಳಿಗೆ ಎರಡು ಮೂರು ತಲೆಮಾರುಗಳಿಂದ ಜನರನ್ನು ಕಳಿಸುತ್ತ ಬಂದಿರುವುದು ಅಕ್ಷರ, ಆರೋಗ್ಯ, ಬ್ಯಾಂಕು ವ್ಯವಹಾರಗಳಲ್ಲಿ ರಾಜ್ಯದಲ್ಲಿಯೇ ಮುಂದಿರುವ ದಕ್ಷಿಣ ಕನ್ನಡ, ಉಡುಪಿ ಮತ್ತು ಭಟ್ಕಳದ ಸೀಮೆ. ಅವಶ್ಯಕತೆ ಎಲ್ಲಿ ಅತಿ ತೀವ್ರವಾಗಿದೆಯೋ ಅಲ್ಲಿಂದ ಪಯಣ ಹತ್ತಿರಕ್ಕೆ ನಿಂತುಹೋಗುತ್ತದೆ. ಅನುಕೂಲ ಸ್ವಲ್ಪವಾದರೂ ಇರುವಲ್ಲಿಂದ ಅದು ಸಮುದ್ರವನ್ನು ದಾಟುತ್ತದೆ.

ಈ ಉಪನ್ಯಾಸ ಪ್ರತಿಪಾದಿಸಲು ಬಯಸುವುದು ಇಷ್ಟು: ಬಡತನ, ಆಸೆ, ಸಂಕಟಗಳು ಮನುಷ್ಯನನ್ನು ಹೊರಡಲು ಸಿದ್ಧಗೊಳಿಸಬಹುದು, ಆದರೆ ಅವನು ಎಲ್ಲಿಗೆ ಹೋಗುತ್ತಾನೆ, ಯಾವ ಷರತ್ತಿನ ಮೇಲೆ ಹೋಗುತ್ತಾನೆ, ಹೋದಮೇಲೆ ಅವನ ಸ್ಥಾನವೇನು ಎಂಬುದನ್ನು ತೀರ್ಮಾನಿಸುವುದು ಅವನ ದುಡಿಮೆಯನ್ನು ಬಯಸುವವರು, ಅದನ್ನು ಒದಗಿಸಿಕೊಡುವ ಮಧ್ಯವರ್ತಿಗಳು ಮತ್ತು ಇವರಿಬ್ಬರಿಗೂ ಚೌಕಟ್ಟು ಹಾಕಿಕೊಡುವ ಕಾನೂನು. ಆದುದರಿಂದ ವಲಸೆಯ ಹೊಣೆಯನ್ನು ವಲಸೆ ಬಂದವನ ತಲೆಗೆ ಮಾತ್ರ ಕಟ್ಟುವುದು ಚರಿತ್ರೆಗೆ ದೂರವಾದ ಮಾತು. ಕರೆದವರಿಗೂ ಕಳಿಸಿದವರಿಗೂ ಅದರಲ್ಲಿ ಸಮಪಾಲಿದೆ. ಈ ವಿಚಾರವನ್ನು ಭಾರತದ ಕಾರ್ಮಿಕರು 1834ರಿಂದ ಇಂದಿನವರೆಗೆ ಕಡಲಾಚೆ ಹೋದ ಚರಿತ್ರೆಯ ಮೂಲಕ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಆರಂಭದಲ್ಲಿಯೇ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯಗಳ ಕಾರಣಕ್ಕೆ ಹಿಂಸೆಗೊಳಗಾಗುವ ಭಯದಿಂದ ದೇಶ ತೊರೆದವರನ್ನು 1951ರ ಅಂತರರಾಷ್ಟ್ರೀಯ ಒಪ್ಪಂದ ನಿರಾಶ್ರಿತರೆಂದು ಕರೆಯುತ್ತದೆ. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದರೂ, ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಭೂಮಿ ನೀಡಿದ್ದು ನಿರಾಶ್ರಿತರನ್ನು ಕುರಿತ ಹೊಣೆಗಾರಿಕೆಯ ಒಂದು ಒಳ್ಳೆಯ ನಿದರ್ಶನ. ಇಲ್ಲಿಯ ಚರ್ಚೆ ಮುಖ್ಯವಾಗಿ ದುಡಿಮೆಗಾಗಿ ಹೊರಟವರಿಗೆ ಸಂಬಂಧಿಸಿದ್ದು. ಆದರೂ ದುಡಿಯಲು ಹೋದವರೇ ಕಾಲಾಂತರದಲ್ಲಿ ನಿರಾಶ್ರಿತರಾದ ಸಂದರ್ಭಗಳು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

2. ವಿವರಣೆಯ ಪ್ರಯತ್ನಗಳು

ವಲಸೆಗೆ ನಿಯಮಗಳಿವೆಯೇ ಎಂದು ಕೇಳಿಕೊಂಡವರಲ್ಲಿ ಮೊದಲಿಗ, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಭೂಗೋಳಜ್ಞ ಅರ್ನ್ಸ್ಟ್ ರಾವೆನ್‌ಸ್ಟೈನ್. ಬ್ರಿಟನ್ನಿನ ಜನಗಣತಿಯ ಅಂಕಿಗಳನ್ನು ಆಧರಿಸಿ 1885ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಪ್ರಕಾರ ವಲಸಿಗರಲ್ಲಿ ಬಹುಪಾಲು ಜನ ಸಮೀಪಕ್ಕೇ ಹೋಗುತ್ತಾರೆ, ಪ್ರತಿಯೊಂದು ವಲಸೆಯ ಹರಿವಿಗೂ ಒಂದು ಮರುಹರಿವು ಇರುತ್ತದೆ, ಮತ್ತು ಹೊರಡುವ ಕಾರಣಗಳಲ್ಲಿ ಆರ್ಥಿಕ ಕಾರಣವೇ ಪ್ರಧಾನ. 1966ರಲ್ಲಿ ಅಮೆರಿಕದ ಎವರೆಟ್ ಲೀ ಇದನ್ನು ವಿಸ್ತರಿಸಿ, ಹೊರಡುವ ಊರಿನ ಸ್ಥಿತಿ, ಸೇರುವ ಊರಿನ ಸ್ಥಿತಿ, ನಡುವಿನ ಅಡೆತಡೆ ಮತ್ತು ವ್ಯಕ್ತಿಯ ಸ್ವಂತ ಪರಿಸ್ಥಿತಿ ಎಂಬ ನಾಲ್ಕು ಅಂಶಗಳನ್ನು ಮುಂದಿಟ್ಟನು. ಪಠ್ಯಪುಸ್ತಕಗಳಲ್ಲಿ ನೂಕುವ ಮತ್ತು ಸೆಳೆಯುವ ಕಾರಣಗಳು ಎಂದು ಪ್ರಚಲಿತವಾಗಿರುವ ವರ್ಗೀಕರಣ ಈ ವಿಚಾರಸರಣಿಗೆ ಸೇರಿದ್ದು.

ಈ ವರ್ಗೀಕರಣ ಉಪಯುಕ್ತವಾದರೂ ವ್ಯಕ್ತಿಯೊಬ್ಬ ಒಬ್ಬಂಟಿಯಾಗಿ ಲಾಭನಷ್ಟಗಳನ್ನು ತೂಗಿ ನಿರ್ಧಾರ ತೆಗೆದುಕೊಳ್ಳುತ್ತಾನೆಂದು ಭಾವಿಸುವುದು ಅದರ ಮಿತಿ. 1980ರ ದಶಕದಲ್ಲಿ ಓಡೆಡ್ ಸ್ಟಾರ್ಕ್ ಮೊದಲಾದ ಅರ್ಥಶಾಸ್ತ್ರಜ್ಞರು ನಿರ್ಧಾರದ ಘಟಕವನ್ನು ವ್ಯಕ್ತಿಯಿಂದ ಕುಟುಂಬಕ್ಕೆ ವರ್ಗಾಯಿಸಿದರು. ಬೆಳೆವಿಮೆಯೂ ಸುಲಭ ಸಾಲವೂ ಇಲ್ಲದ ರೈತ ಕುಟುಂಬ ತನ್ನ ಒಬ್ಬ ಮಗನನ್ನು ದೂರದೇಶಕ್ಕೆ ಕಳಿಸುವುದು, ಇಲ್ಲಿಯ ಮಳೆ ಕೈಕೊಟ್ಟರೂ ಅಲ್ಲಿಯ ಸಂಬಳ ಕೈಹಿಡಿಯಲಿ ಎಂಬ ಲೆಕ್ಕಾಚಾರದಿಂದ ಎಂದು ಅವರು ತೋರಿಸಿಕೊಟ್ಟರು. ಇನ್ನೊಂದು ದಿಕ್ಕಿನಿಂದ ಮೈಕೆಲ್ ಪಿಯೋರೆ 1979ರಲ್ಲಿ ಪ್ರಶ್ನೆಯನ್ನೇ ತಿರುಗಿಸಿ ಕೇಳಿದನು. ಶ್ರೀಮಂತ ದೇಶಗಳ ಉದ್ಯೋಗ ವ್ಯವಸ್ಥೆಯಲ್ಲಿಯೇ ಸ್ಥಳೀಯರು ಒಲ್ಲದ, ಕಡಿಮೆ ಕೂಲಿಯ, ಗೌರವವಿಲ್ಲದ, ಯಾವಾಗ ಬೇಕಾದರೂ ಕಳೆದುಕೊಳ್ಳಬಹುದಾದ ಕೆಲಸಗಳ ಒಂದು ಪದರ ಸದಾ ಇರುತ್ತದೆ, ಅದನ್ನು ತುಂಬಲು ಹೊರಗಿನವರನ್ನು ಕರೆಯಲಾಗುತ್ತದೆ ಎಂಬುದು ಅವನ ವಾದದ ತಿರುಳು. ಒಮ್ಮೆ ಒಂದು ಊರಿನ ಕೆಲವರು ನೆಲೆ ಕಂಡುಕೊಂಡ ಮೇಲೆ ಅವರ ಬಂಧುಗಳಿಗೂ ಊರವರಿಗೂ ಖರ್ಚು ಮತ್ತು ಭಯ ಎರಡೂ ಕಡಿಮೆಯಾಗುವುದನ್ನು ವಿದ್ವಾಂಸರು ಸಂಪರ್ಕಜಾಲ ಎಂಬ ಪರಿಕಲ್ಪನೆಯಿಂದ ವಿವರಿಸುತ್ತಾರೆ. ಬಡ ದೇಶದ ಆದಾಯ ಏರತೊಡಗಿದಾಗ ಹೊರವಲಸೆ ಇಳಿಯುವ ಬದಲು ಬಹುಕಾಲ ಏರುತ್ತಲೇ ಹೋಗುವುದಕ್ಕೂ ಇದೇ ಕಾರಣ: ಕೈಯಲ್ಲಿ ಹಣ, ತಲೆಯಲ್ಲಿ ವಿದ್ಯೆ, ಆಚೆ ದಡದಲ್ಲಿ ಪರಿಚಯದವರು ಇದ್ದಾಗಲೇ ಆಸೆ ಪಯಣವಾಗುತ್ತದೆ.

3. ಗಿರಮಿಟ್: ಕಾನೂನು ನಿರ್ಮಿಸಿದ ಹಾದಿ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯ್ದೆ 1833ರಲ್ಲಿ ಅಂಗೀಕಾರವಾಗಿ 1834ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಗುಲಾಮರ ಒಡೆಯರಿಗೆ ಎರಡು ಕೋಟಿ ಪೌಂಡುಗಳ ಪರಿಹಾರ ಸಿಕ್ಕಿತು. ಬಿಡುಗಡೆಗೊಂಡವರಿಗೆ ಏನೂ ಸಿಗಲಿಲ್ಲ, ಬದಲಾಗಿ ಇನ್ನೂ ಕೆಲವು ವರ್ಷ ಹಳೆಯ ಒಡೆಯರ ಕೆಳಗೇ ಕಡ್ಡಾಯವಾಗಿ ದುಡಿಯಬೇಕೆಂಬ ಷರತ್ತು ಬಿದ್ದಿತು. 1838ರಲ್ಲಿ ಅದೂ ಕೊನೆಗೊಳ್ಳುವ ಹೊತ್ತಿಗಾಗಲೇ ಸಕ್ಕರೆಯ ತೋಟಗಳ ಮಾಲೀಕರು ತಮಗೆ ಬೇಕಾದ ಕೂಲಿಗೆ, ಬೇಕಾದಷ್ಟು ಹೊತ್ತು, ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದೆ ದುಡಿಯುವವರನ್ನು ಬೇರೆಡೆ ಹುಡುಕತೊಡಗಿದ್ದರು. ಅವರ ಕಣ್ಣು ಬಿದ್ದದ್ದು ಭಾರತದ ಮೇಲೆ. ಕಲ್ಕತ್ತೆಯಿಂದ ಹೊರಟ ಅಟ್ಲಾಸ್ ಹಡಗು 1834ರ ನವೆಂಬರ್ 2ರಂದು ಛೋಟಾನಾಗಪುರದ ಕಡೆಯ 36 ಮಂದಿ ಕೂಲಿಕಾರರನ್ನು ಮಾರಿಷಸ್ಸಿನಲ್ಲಿ ಇಳಿಸಿತು. 1838ರ ಮೇ ತಿಂಗಳಲ್ಲಿ ವಿಟ್ಬಿ ಮತ್ತು ಹೆಸ್ಪೆರಸ್ ಎಂಬ ಹಡಗುಗಳು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾವನ್ನು ಮುಟ್ಟಿದವು. ಆ ಕೂಲಿಕಾರರನ್ನು ತರಿಸಲು ಮೊದಲು ಪತ್ರ ಬರೆದವನು, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ನನ ತಂದೆ, ತೋಟಗಳ ಒಡೆಯ ಜಾನ್ ಗ್ಲಾಡ್‌ಸ್ಟನ್.

ಅನಂತರದ ಎಂಟು ದಶಕಗಳಲ್ಲಿ ಈ ಹಾದಿ ಟ್ರಿನಿಡಾಡ್ (1845), ನಟಾಲ್ (1860), ಸುರಿನಾಮ್ (1873), ಫಿಜಿ (1879)ಗಳಿಗೆ ಚಾಚಿಕೊಂಡಿತು. ಮಾರಿಷಸ್ಸಿಗೆ ಸುಮಾರು ನಾಲ್ಕೂವರೆ ಲಕ್ಷ, ಗಯಾನಾಕ್ಕೆ ಎರಡು ಲಕ್ಷ ನಲವತ್ತು ಸಾವಿರದಷ್ಟು, ನಟಾಲಿಗೆ ಒಂದೂವರೆ ಲಕ್ಷ, ಟ್ರಿನಿಡಾಡಿಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು, ಫಿಜಿಗೆ ಅರವತ್ತು ಸಾವಿರ ಜನ ಹೀಗೆ ಹೋದರು. ಅಗ್ರಿಮೆಂಟ್ ಎಂಬುದು ಕೂಲಿಕಾರರ ಬಾಯಲ್ಲಿ ಗಿರಮಿಟ್ ಆಗಿ, ಅದಕ್ಕೆ ಹೆಬ್ಬೆಟ್ಟು ಒತ್ತಿದವರು ಗಿರಮಿಟಿಯರಾದರು. ಐದು ವರ್ಷ ಒಂದೇ ಮಾಲೀಕನಲ್ಲಿ ದುಡಿಯಬೇಕು, ನಿಗದಿಯಾದ ಕೂಲಿ ಕೊಡಬೇಕು, ಗೊತ್ತಾದ ಅವಧಿಯ ನಂತರ ಮರಳುವ ಪ್ರಯಾಣಕ್ಕೆ ಏರ್ಪಾಡಾಗಬೇಕು ಎಂಬುದು ಕರಾರಿನ ಸಾರ. ಕೆಲಸಕ್ಕೆ ಗೈರುಹಾಜರಾಗುವುದು ಸಿವಿಲ್ ವ್ಯಾಜ್ಯವಾಗದೆ ಜೈಲುಶಿಕ್ಷೆಗೆ ಅರ್ಹವಾದ ಅಪರಾಧವಾಗಿದ್ದುದು ಈ ಕರಾರಿನ ಕ್ರೂರ ಮುಖ. ಮಾರಿಷಸ್ಸಿನಲ್ಲಿ ಒಂದು ದಿನ ತಪ್ಪಿಸಿದವನಿಗೆ ಎರಡು ದಿನದ ಕೂಲಿ ಹೋಗುತ್ತಿತ್ತು. ಪಾಸ್ ಇಲ್ಲದೆ ತೋಟದ ಗಡಿ ದಾಟಿದವನನ್ನು ಅಲೆಮಾರಿಯೆಂದು ಹಿಡಿಯಲಾಗುತ್ತಿತ್ತು. ಫಿಜಿಯಲ್ಲಿ ಗಂಡಸಿನ ದಿನಗೂಲಿ ಒಂದು ಶಿಲಿಂಗ್, ಹೆಂಗಸಿನದು ಒಂಬತ್ತು ಪೆನ್ಸ್ ಎಂದು ಕರಾರಿನಲ್ಲಿತ್ತು, ಆದರೆ ಗೊತ್ತುಪಡಿಸಿದ ಕೆಲಸದ ಪಾಲು ಮುಗಿಯದಿದ್ದರೆ ಅಷ್ಟೂ ಕೈಗೆ ಬರುತ್ತಿರಲಿಲ್ಲ. ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಬೇಕೆಂಬ ನಿಯಮವಿದ್ದುದರಿಂದ ಏಜೆಂಟರು ವಿಧವೆಯರನ್ನೂ ಗಂಡ ತೊರೆದವರನ್ನೂ ವಿಶೇಷವಾಗಿ ಹುಡುಕುತ್ತಿದ್ದರು. ಆದರೆ ಮನೆಯ ಬಂಧನದಿಂದ ಹೊರಬರಲು ಸಿಕ್ಕ ಏಕೈಕ ಅವಕಾಶವೆಂದು ತಾವಾಗಿ ಹೊರಟ ಹೆಂಗಸರೂ ಇದ್ದರು ಎಂಬುದನ್ನು ಮರೆಯಲಾಗದು.

ಹೋದವರು ಯಾರು ಎಂಬ ಪ್ರಶ್ನೆಗೆ ಫಿಜಿಯಲ್ಲಿ ಗಿರಮಿಟಿಯನೊಬ್ಬನ ಮೊಮ್ಮಗನಾಗಿ ಹುಟ್ಟಿ ಇತಿಹಾಸಕಾರರಾದ ಬೃಜ್ ಲಾಲ್ ನೀಡಿದ ಉತ್ತರ ಬಹಳ ಮುಖ್ಯವಾದದ್ದು. ಹೆಸರು, ತಂದೆಯ ಹೆಸರು, ಜಾತಿ, ಊರು, ಠಾಣೆ, ವಯಸ್ಸು, ಮೈಮೇಲಿನ ಗುರುತು ಇವೆಲ್ಲ ನಮೂದಾಗಿರುವ 45,000ಕ್ಕೂ ಹೆಚ್ಚು ವಲಸೆ ಪಾಸುಗಳನ್ನು ಪರಿಶೀಲಿಸಿ, ಹೊರಟವರು ಸಮಾಜದ ತಳಸ್ತರದವರು ಮಾತ್ರವಲ್ಲ, ಉತ್ತರ ಭಾರತದ ಹಳ್ಳಿಗಳ ಎಲ್ಲ ಜಾತಿ ವರ್ಗಗಳಿಂದಲೂ ಬಂದವರು, ಮತ್ತು ಅವರಲ್ಲಿ ಬಹಳಷ್ಟು ಜನ ಅರ್ಕಾಟಿಯ ಕೈಗೆ ಸಿಕ್ಕಾಗಲೇ ಕೆಲಸ ಹುಡುಕಿ ಊರು ಬಿಟ್ಟಿದ್ದವರು ಎಂದು ಅವರು ತೋರಿಸಿದರು. ಅರ್ಕಾಟಿ ಎಂದರೆ ಡಿಪೋಗೆ ಜನರನ್ನು ಹಿಡಿದು ತರುವ ದಲ್ಲಾಳಿ. ಬಸ್ತಿ, ಗೊಂಡಾ, ಫೈಜಾಬಾದ್, ಗಾಜಿಪುರ, ಶಾಹಾಬಾದ್ ಜಿಲ್ಲೆಗಳ ಜನ ಇದಕ್ಕೂ ಮುಂಚೆ ಸಿಪಾಯಿಗಳಾಗಿ, ಕಲ್ಕತ್ತೆಯ ಕೂಲಿಗಳಾಗಿ ಪೂರ್ವಕ್ಕೆ ಹೋಗಿ ಬರುತ್ತಿದ್ದವರು. ಗೇಣಿಯ ಭಾರ, ಕೈಮಗ್ಗದ ಅವನತಿ, ಒತ್ತಾದ ಜನಸಂಖ್ಯೆ ಅವರನ್ನು ಮನೆಯಿಂದ ಹೊರಡಿಸಿತು. ಅವರ ಪಯಣವನ್ನು ಫಿಜಿಯ ಕಡೆಗೆ ತಿರುಗಿಸಿದ್ದು ಅರ್ಕಾಟಿ, ಡಿಪೋ ಮತ್ತು ಹಡಗು.

ಕನ್ನಡ ನಾಡಿನ ಅನುಭವ ಇದೇ ಮಾತನ್ನು ಎದುರುದಿಕ್ಕಿನಿಂದ ಸಮರ್ಥಿಸುತ್ತದೆ. 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಹಸಿವೆಯೇ ಜನರನ್ನು ಕಡಲು ದಾಟಿಸುವುದಾಗಿದ್ದರೆ ಮಾರಿಷಸ್, ಫಿಜಿ, ಗಯಾನಾಗಳಲ್ಲಿ ಇಂದು ದೊಡ್ಡ ಕನ್ನಡ ಸಮುದಾಯಗಳಿರಬೇಕಿತ್ತು. ಹಾಗಾಗಲಿಲ್ಲ. ನೇಮಕಾತಿಯ ಜಾಲ ಕಲ್ಕತ್ತ ಮತ್ತು ಮದರಾಸು ಬಂದರುಗಳ ಸುತ್ತ, ಭೋಜಪುರಿ, ತಮಿಳು, ತೆಲುಗು ಪ್ರದೇಶಗಳಲ್ಲಿ ಬೇರೂರಿತ್ತು. ಮೈಸೂರಿನ ಒಣಸೀಮೆಯ ಜನಕ್ಕೆ ಆ ಹಾದಿ ತೆರೆದಿರಲಿಲ್ಲ. ಕೊಡಗು ಮತ್ತು ಮಲೆನಾಡಿನ ಕಾಫಿ ತೋಟಗಳಿಗೆ ಮುಂಗಡ ಕೊಟ್ಟು ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿಯ ಹಾದಿ ಮಾತ್ರ ಹತ್ತಿರದಲ್ಲಿತ್ತು. ಹಸಿದವರಲ್ಲಿ ಬಹಳಷ್ಟು ಜನ ಎಲ್ಲಿಗೂ ಹೋಗದೆ ಅಲ್ಲಿಯೇ ಸತ್ತರು.

ಈ ಪದ್ಧತಿಯ ವಿಷಯದಲ್ಲಿ ಸರ್ಕಾರ ಕೇವಲ ಪ್ರೇಕ್ಷಕನಾಗಿರಲಿಲ್ಲ. ದೌರ್ಜನ್ಯದ ವರದಿಗಳಿಂದಾಗಿ 1839ರಲ್ಲಿ ಹೊರವಲಸೆಯನ್ನು ನಿಷೇಧಿಸಿ, ತೋಟದ ಮಾಲೀಕರ ಒತ್ತಡದಿಂದ 1842ರಲ್ಲಿ ಮಾರಿಷಸ್ಸಿಗೂ 1844ರಲ್ಲಿ ವೆಸ್ಟ್ ಇಂಡೀಸಿಗೂ ಮತ್ತೆ ಬಾಗಿಲು ತೆರೆದು, ಬಂದರುಗಳಲ್ಲಿ ವಲಸಿಗರ ರಕ್ಷಣಾಧಿಕಾರಿ ಎಂಬ ಹುದ್ದೆಯನ್ನು ಸೃಷ್ಟಿಸಿತು. ಕೂಲಿಕಾರ ಸ್ವಇಚ್ಛೆಯಿಂದ ಹೋಗುತ್ತಿದ್ದಾನೆಂದು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕೆಂಬ ನಿಯಮವೂ ಬಂದಿತು. ಒಪ್ಪಿಗೆಯ ಕಾಗದ ಪಕ್ಕಾ ಆಗಿದ್ದಷ್ಟೂ ಅದರ ಹಿಂದಿನ ಅಸಹಾಯಕತೆ ಕಾನೂನಿನ ಕಣ್ಣಿಗೆ ಕಾಣದಾಯಿತು. ಗೋಖಲೆಯವರು 1910ರಲ್ಲಿ ನಟಾಲಿಗೆ ಕೂಲಿಗಳನ್ನು ಕಳಿಸುವುದರ ವಿರುದ್ಧವೂ 1912ರಲ್ಲಿ ಇಡೀ ಪದ್ಧತಿಯ ವಿರುದ್ಧವೂ ಶಾಸನ ಸಭೆಯಲ್ಲಿ ನಿರ್ಣಯ ಮಂಡಿಸಿದರು. ದಕ್ಷಿಣ ಆಫ್ರಿಕದಲ್ಲಿ ಕರಾರು ಮುಗಿದವರ ಮೇಲೆ ಹೇರಿದ್ದ ಮೂರು ಪೌಂಡಿನ ತಲೆಗಂದಾಯದ ವಿರುದ್ಧ 1913ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ಗಣಿ ಮತ್ತು ತೋಟಗಳ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಫಿಜಿಯಲ್ಲಿ 21 ವರ್ಷ ಕಳೆದು ಬಂದ ತೋತಾರಾಮ್ ಸನಾಢ್ಯರ ಹಿಂದಿ ಪುಸ್ತಕ ಉತ್ತರ ಭಾರತದ ಮನಸ್ಸನ್ನು ಕಲಕಿತು. ಇವೆಲ್ಲದರ ಫಲವಾಗಿ 1917ರಲ್ಲಿ ನೇಮಕಾತಿ ನಿಂತು, 1920ರ ಜನವರಿ 1ರಂದು ಫಿಜಿಯ ಕೊನೆಯ ಕರಾರುಗಳು ರದ್ದಾದವು.

4. ಕಂಗಾಣಿ, ಮೇಸ್ತ್ರಿ ಮತ್ತು ಮುಚ್ಚಿದ ಬಾಗಿಲುಗಳು

ಗಿರಮಿಟ್ ಹೆಚ್ಚು ಪ್ರಸಿದ್ಧವಾದರೂ ಸಂಖ್ಯೆಯಲ್ಲಿ ಅದಕ್ಕಿಂತ ಹಲವು ಪಟ್ಟು ದೊಡ್ಡದು ಬಂಗಾಳ ಕೊಲ್ಲಿಯನ್ನು ದಾಟಿ ಸಿಲೋನ್, ಬರ್ಮಾ, ಮಲಯಗಳಿಗೆ ನಡೆದ ಸಂಚಾರ. 1840ರಿಂದ 1940ರವರೆಗೆ ಎರಡೂವರೆ ಕೋಟಿಗೂ ಹೆಚ್ಚು ಜನ ಹೀಗೆ ಹೋದರೆಂದೂ ಅವರಲ್ಲಿ ಹೆಚ್ಚಿನವರು ಮರಳಿದರೆಂದೂ ಇತಿಹಾಸಕಾರರು ಅಂದಾಜಿಸುತ್ತಾರೆ. ಇಲ್ಲಿ ಐದು ವರ್ಷದ ಕರಾರಿನ ಬದಲು ಸಾಲದ ಬಂಧನವಿತ್ತು. ಸಿಲೋನ್ ಮತ್ತು ಮಲಯದ ತೋಟಗಳಿಂದ ಊರಿಗೆ ಬರುವ ಕಂಗಾಣಿ ತನ್ನದೇ ಊರು, ಜಾತಿ, ಬಂಧುಬಳಗದವರಿಗೆ ಮುಂಗಡ ಕೊಟ್ಟು ಕರೆದೊಯ್ಯುತ್ತಿದ್ದನು. ಬರ್ಮಾದ ಅಕ್ಕಿ ಗಿರಣಿಗಳಿಗೆ ಇದೇ ಕೆಲಸವನ್ನು ಮೇಸ್ತ್ರಿ ಮಾಡುತ್ತಿದ್ದನು. ಸಿಲೋನಿನಲ್ಲಿ ಕಾರ್ಮಿಕನ ಸಾಲವನ್ನು ಬರೆದ ತುಂಡು ಎಂಬ ಚೀಟಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಅವನ ಜೊತೆಗೇ ಸಾಗುತ್ತಿತ್ತು. ಆ ಸಾಲವನ್ನು ತೀರಿಸಿದ ಹೊಸ ಮಾಲೀಕ ಅವನನ್ನು ಪಡೆಯುತ್ತಿದ್ದನು. ಸಂಪರ್ಕಜಾಲವೆಂದು ಇಂದು ಶಾಸ್ತ್ರೀಯವಾಗಿ ಕರೆಯುವ ವ್ಯವಸ್ಥೆ ಆಸರೆಯೂ ಆಗಬಲ್ಲದು, ಹಗ್ಗವೂ ಆಗಬಲ್ಲದು ಎಂಬುದಕ್ಕೆ ಕಂಗಾಣಿ ಪದ್ಧತಿಗಿಂತ ಬೇರೆ ಸಾಕ್ಷಿ ಬೇಡ.

ಅದೇ ಸಾಮ್ರಾಜ್ಯದಲ್ಲಿ ಕೂಲಿಯಾಗಿ ಹೋಗುವವನಿಗೆ ತೆರೆದಿದ್ದ ಬಾಗಿಲು ನೆಲಸಲು ಹೋಗುವವನಿಗೆ ಮುಚ್ಚಿತ್ತು. ಕೆನಡಾ 1908ರಲ್ಲಿ, ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ನೇರ ಪ್ರಯಾಣ ಮಾಡಿದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಮಾಡಿತು. ಭಾರತದಿಂದ ಅಂಥ ನೇರ ಹಡಗು ಇಲ್ಲದಿದ್ದುದರಿಂದ ಜನಾಂಗದ ಹೆಸರೆತ್ತದೆಯೇ ಭಾರತೀಯರನ್ನು ತಡೆಯಲು ಅದು ಸಾಕಾಯಿತು. 1914ರ ಮೇ ತಿಂಗಳಲ್ಲಿ ವ್ಯಾಂಕೂವರ್ ತಲುಪಿದ ಕೊಮಗಾಟ ಮಾರು ಹಡಗಿನ 376 ಪ್ರಯಾಣಿಕರಲ್ಲಿ ಕೆಲವರನ್ನು ಬಿಟ್ಟು ಉಳಿದವರನ್ನು ಎರಡು ತಿಂಗಳು ಬಂದರಿನಲ್ಲೇ ತಡೆದು ಹಿಂದಕ್ಕಟ್ಟಲಾಯಿತು. ಹಾದಿಯನ್ನು ತೆರೆಯುವ ಕಾನೂನೇ ಅದನ್ನು ಯಾರಿಗೆ ಎಷ್ಟು ತೆರೆಯಬೇಕೆಂದೂ ಅಳೆಯುತ್ತದೆ.

5. ತಾತ್ಕಾಲಿಕರೆಂದು ಕರೆದವರು ಉಳಿದಾಗ

ಕರೆತಂದವರ ಲೆಕ್ಕದಲ್ಲಿ ಕೂಲಿಕಾರ ಸದಾ ತಾತ್ಕಾಲಿಕ. ಆದರೆ ದುಡಿಯಲು ಹೋದವನು ಅಲ್ಲಿ ಮದುವೆಯಾಗುತ್ತಾನೆ, ಮಕ್ಕಳನ್ನು ಪಡೆಯುತ್ತಾನೆ, ಗುಡಿ ಮಸೀದಿ ಕಟ್ಟುತ್ತಾನೆ, ಸತ್ತವರನ್ನು ಅಲ್ಲಿಯ ಮಣ್ಣಿಗೆ ಒಪ್ಪಿಸುತ್ತಾನೆ. ಮಾರಿಷಸ್, ಗಯಾನಾ, ಟ್ರಿನಿಡಾಡುಗಳಲ್ಲಿ ಗಿರಮಿಟಿಯರ ವಂಶಜರು ಪ್ರಜೆಗಳಾಗಿ, ಪ್ರಧಾನಿ ಅಧ್ಯಕ್ಷರುಗಳಾಗಿ ಬೆಳೆದರು. ಕಾರ್ಮಿಕರು ಬಂದಿಳಿಯುತ್ತಿದ್ದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಎಲ್ಲ ಕಡೆಯೂ ಹೀಗಾಗಲಿಲ್ಲ. 1942ರಲ್ಲಿ ಜಪಾನಿನ ಸೇನೆ ಮುನ್ನುಗ್ಗಿದಾಗ ಬರ್ಮಾದಿಂದ ಲಕ್ಷಾಂತರ ಭಾರತೀಯರು ಕಾಡು ಬೆಟ್ಟಗಳ ದಾರಿಯಲ್ಲಿ ನಡೆದು ಬಂದರು, ಸಾವಿರಾರು ಜನ ದಾರಿಯಲ್ಲೇ ಸತ್ತರು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿಯ ಏಷ್ಯನ್ನರಿಗೆ ದೇಶ ಬಿಡಲು ಕೊಟ್ಟ ಅವಧಿ 90 ದಿನ.

ಸಿಲೋನಿನ ತೋಟದ ತಮಿಳರ ಕಥೆ ಕರ್ನಾಟಕದೊಳಕ್ಕೇ ಬಂದು ಸೇರುತ್ತದೆ. ಸ್ವತಂತ್ರ ಸಿಲೋನ್ 1948ರ ಪೌರತ್ವ ಕಾಯ್ದೆಯ ಮೂಲಕ ಈ ಕಾರ್ಮಿಕರಲ್ಲಿ ಬಹುಪಾಲು ಜನರನ್ನು ಪೌರತ್ವದಿಂದ ಹೊರಗಿಟ್ಟಿತು. ಭಾರತವೂ ಅವರನ್ನು ತನ್ನ ಪ್ರಜೆಗಳೆಂದು ತಾನಾಗಿ ಒಪ್ಪಲಿಲ್ಲ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಮಾಡಿದ ಒಪ್ಪಂದ 9,75,000 ಮನುಷ್ಯರನ್ನು ಎರಡು ದೇಶಗಳ ನಡುವೆ ಹಂಚಿತು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ತೀರ್ಮಾನ ಮುಂದಕ್ಕೆ. ಹಾಗೆ ಕಳಿಸಲ್ಪಟ್ಟವರಲ್ಲಿ ಒಂದು ಭಾಗಕ್ಕೆ ನೆಲೆಯಾದದ್ದು ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಅವರ ಪುನರ್ವಸತಿಗೆಂದೇ ಬೆಳೆಸಿದ, ಮುಂದೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆಡಳಿತಕ್ಕೆ ಬಂದ ರಬ್ಬರ್ ತೋಟಗಳು. ಅಜ್ಜನ ಕಾಲದಲ್ಲಿ ಕಂಗಾಣಿಯ ಮುಂಗಡಕ್ಕೆ ಕಡಲು ದಾಟಿದ ಕುಟುಂಬ ಮೊಮ್ಮಗನ ಕಾಲದಲ್ಲಿ ಎರಡು ಸರ್ಕಾರಗಳ ಲೆಕ್ಕಾಚಾರಕ್ಕೆ ಮತ್ತೆ ಕಡಲು ದಾಟಿ, ತಾನೆಂದೂ ನೋಡದ ಸೀಮೆಯಲ್ಲಿ ಮತ್ತೆ ತೋಟದ ಕೂಲಿಯೇ ಆಯಿತು. ಈ ಎರಡನೆಯ ಪಯಣಕ್ಕೆ ಬಡತನ ಕಾರಣವೆಂದು ಯಾರೂ ಹೇಳಲಾರರು.

6. ಕೊಲ್ಲಿಯ ದುಡಿಮೆ, ಕರಾವಳಿಯ ಬದುಕು

1973ರಲ್ಲಿ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಏರಿದ ಮೇಲೆ ಅರಬ್ ಕೊಲ್ಲಿಯ ದೇಶಗಳು ರಸ್ತೆ, ಬಂದರು, ನಗರಗಳ ನಿರ್ಮಾಣಕ್ಕೆ ಜಗತ್ತಿನೆಲ್ಲೆಡೆಯಿಂದ ಕೈಗಳನ್ನು ಕರೆದವು. ಇಂದು ಆ ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಕರ್ನಾಟಕದ ಕರಾವಳಿ ಈ ಕರೆಗೆ ಬೇಗ ಓಗೊಟ್ಟದ್ದು ಆಕಸ್ಮಿಕವಲ್ಲ. ಮುಂಬಯಿಯ ಉಡುಪಿ ಹೋಟೆಲುಗಳು, ಮದರಾಸು ಕೊಲಂಬೊಗಳವರೆಗೆ ಹರಡಿದ್ದ ಭಟ್ಕಳದ ನವಾಯತರ ವ್ಯಾಪಾರ, ಕ್ರೈಸ್ತ ಮಿಶನ್ನುಗಳ ಶಾಲೆಗಳು, ಮಂಗಳೂರಿನ ದಾದಿಯರ ತರಬೇತಿ, ಒಂದೇ ಜಿಲ್ಲೆಯಲ್ಲಿ ಹುಟ್ಟಿ ರಾಷ್ಟ್ರಮಟ್ಟಕ್ಕೆ ಬೆಳೆದ ನಾಲ್ಕು ಬ್ಯಾಂಕುಗಳು ಇವೆಲ್ಲ ಊರು ಬಿಟ್ಟು ದುಡಿಯುವ ಅಭ್ಯಾಸವನ್ನೂ ಅದಕ್ಕೆ ಬೇಕಾದ ಬಂಡವಾಳವನ್ನೂ ಮೊದಲೇ ಒದಗಿಸಿದ್ದವು. 1974ರ ಭೂಸುಧಾರಣೆ ಒಕ್ಕಲುಗಳಿಗೆ ಭೂಮಿಯ ಹಕ್ಕು ಕೊಟ್ಟಿತು, ಭೂಮಾಲೀಕ ಕುಟುಂಬಗಳು ಗೇಣಿಯಾಚೆಗಿನ ಜೀವನೋಪಾಯ ಹುಡುಕಬೇಕಾಯಿತು. ಎರಡೂ ಬಗೆಯ ಮನೆಗಳ ಮಕ್ಕಳಿಗೆ ಗಲ್ಫ್ ಒಂದು ಸಾಧ್ಯತೆಯಾಗಿ ಕಂಡಿತು. ಮುಂಬಯಿಯ ಮೂಲಕ ಸಾಗುತ್ತಿದ್ದ ಈ ಪಯಣ 2006ರಲ್ಲಿ ಮಂಗಳೂರಿನ ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಊರಿಂದೂರಿಗೆ ಹೋಗಿಬರುವಷ್ಟು ಹತ್ತಿರವಾಯಿತು.

ಈ ದುಡಿಮೆಯ ಕಾನೂನು ಚೌಕಟ್ಟು ಕಫಾಲಾ. ವಲಸೆ ಕಾರ್ಮಿಕನ ವಾಸದ ಪರವಾನಗಿಯನ್ನು ಕಫೀಲ್ ಎಂಬ ಪ್ರಾಯೋಜಕನಿಗೆ, ಎಂದರೆ ಸಾಮಾನ್ಯವಾಗಿ ಅವನ ಮಾಲೀಕನಿಗೇ ಕಟ್ಟಿಹಾಕುವ ಪದ್ಧತಿ ಇದು. ಮಾಲೀಕನನ್ನು ಬಿಟ್ಟವನು ಆ ಕ್ಷಣವೇ ಕಾನೂನುಬಾಹಿರ ನಿವಾಸಿಯಾಗುವ ಅಪಾಯವಿರುವುದರಿಂದ ಸಂಬಳ ಬಾಕಿಯಾದರೂ ಪಾಸ್‌ಪೋರ್ಟ್ ಕಿತ್ತುಕೊಂಡರೂ ಅವನು ಸಹಿಸಬೇಕಾಗುತ್ತದೆ. ಕತಾರ್ 2020ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ನೀಡಿದ್ದು, ಸೌದಿ ಅರೇಬಿಯಾ 2021ರಲ್ಲಿ ಕೆಲವು ನಿರ್ಬಂಧಗಳನ್ನು ಸಡಿಲಿಸಿದ್ದು ಸ್ವಾಗತಾರ್ಹವಾದರೂ, ಮನೆಗೆಲಸದವರಂಥ ಅತಿ ದುರ್ಬಲರಿಗೆ ಈ ಸುಧಾರಣೆಗಳ ಫಲ ಮುಟ್ಟಿರುವುದು ಕಡಿಮೆ. ಭಾರತದ ಕಡೆಯಲ್ಲಿ 1922ರ ಕಾಯ್ದೆಯ ಬದಲಿಗೆ ಬಂದ 1983ರ ವಲಸೆ ಕಾಯ್ದೆ ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿ, ಹತ್ತನೆಯ ತರಗತಿ ಮುಗಿಸದವರು ಗೊತ್ತಾದ ಕೆಲವು ದೇಶಗಳಿಗೆ ಹೋಗಬೇಕಾದರೆ ರಕ್ಷಣಾಧಿಕಾರಿಯ ಅನುಮತಿ ಪಡೆಯುವ ವ್ಯವಸ್ಥೆಯನ್ನು ನೆಲೆಗೊಳಿಸಿತು. ಹುದ್ದೆಯ ಹೆಸರು 1842ರದ್ದೇ. ಅದು ಎದುರಿಸುವ ಸಮಸ್ಯೆಯೂ ಬಹುಮಟ್ಟಿಗೆ ಅದೇ. ಏಜೆಂಟರ ಶುಲ್ಕಕ್ಕೆ ಕಾನೂನು ಮಿತಿ ಹಾಕಿದ್ದರೂ ವೀಸಾದ ಬೆಲೆಯೆಂದು ಹಲವು ಪಟ್ಟು ಹಣ ಕೈಬದಲಾಗುತ್ತದೆ, ಮನೆಯ ಚಿನ್ನ ಒತ್ತೆ ಬೀಳುತ್ತದೆ, ಮತ್ತು ಆ ಸಾಲವೇ ಕಂಗಾಣಿಯ ತುಂಡಿನಂತೆ ಕಾರ್ಮಿಕನನ್ನು ಕೆಟ್ಟ ಕೆಲಸದಲ್ಲೂ ಹಿಡಿದಿಡುತ್ತದೆ.

2024ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣ ವಿಶ್ವಬ್ಯಾಂಕಿನ ಅಂದಾಜಿನಂತೆ ಸುಮಾರು 12,900 ಕೋಟಿ ಡಾಲರ್, ಜಗತ್ತಿನಲ್ಲೇ ಅತಿ ಹೆಚ್ಚು. ಅದೇ ವರ್ಷದ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡದೆ ಗಲ್ಫ್ ವಲಸೆಯ ಲಾಭನಷ್ಟವನ್ನು ಬರೆಯಲಾಗದು.

ಓದಿದವರ ವಲಸೆಯೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಎಂಜಿನಿಯರನನ್ನು ಅಮೆರಿಕಕ್ಕೆ ಕರೆದೊಯ್ಯುವ ಎಚ್-1ಬಿ ವೀಸಾ ವರ್ಷಕ್ಕೆ ಸಾಮಾನ್ಯವಾಗಿ 65,000, ಅಮೆರಿಕದ ಉನ್ನತ ಪದವಿ ಪಡೆದವರಿಗೆ ಇನ್ನು 20,000 ಎಂಬ ಮಿತಿಗೆ ಒಳಪಟ್ಟದ್ದು, ಅದೂ ಮಾಲೀಕನ ಅರ್ಜಿಯನ್ನೇ ಆಧರಿಸಿದ್ದು. ಉದ್ಯೋಗ ಮೂಲದ ಖಾಯಂ ವಾಸದ ಪರವಾನಗಿಯಲ್ಲಿ ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲಿಲ್ಲವೆಂಬ ನಿಯಮದಿಂದ ಭಾರತೀಯರು ದಶಕಗಳ ಕಾಲ ಸರದಿಯಲ್ಲಿ ಕಾಯುತ್ತಾರೆ. ಇವರ ಸೌಕರ್ಯಕ್ಕೂ ಕಟ್ಟಡ ಕಾರ್ಮಿಕನ ಕಷ್ಟಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ದುಡಿಮೆ ಬೇಕು, ದುಡಿಯುವವನ ನೆಲೆ ಮಾತ್ರ ಅನಿಶ್ಚಿತವಾಗಿರಲಿ ಎಂಬ ಧೋರಣೆ ಎರಡರಲ್ಲೂ ಒಂದೇ.

ದೊಡ್ಡ ಬಂಡವಾಳವೂ ಸರ್ಕಾರಿ ಕರಾರೂ ಇಲ್ಲದೆ ಸಮುದಾಯವೊಂದು ತಾನೇ ಹಾದಿ ಕಟ್ಟಿಕೊಂಡದ್ದಕ್ಕೆ ಹಕ್ಕಿಪಿಕ್ಕಿಗಳು ನಿದರ್ಶನ. ಬೇಟೆಯ ಮೇಲೆ ನಿಷೇಧ ಬಂದ ನಂತರ ಗಿಡಮೂಲಿಕೆಯ ಎಣ್ಣೆ, ಔಷಧಿಗಳ ವ್ಯಾಪಾರಕ್ಕೆ ತಿರುಗಿದ ಈ ಅಲೆಮಾರಿ ಬುಡಕಟ್ಟಿನ ಜನ ಒಬ್ಬರಿಂದೊಬ್ಬರು ತಿಳಿದು ಆಫ್ರಿಕದ ದೇಶಗಳವರೆಗೆ ಹೋಗುತ್ತಾರೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಸಿಡಿದಾಗ ಅಲ್ಲಿ ಸಿಲುಕಿದ್ದ ಹಕ್ಕಿಪಿಕ್ಕಿಗಳನ್ನು ಭಾರತ ಸರ್ಕಾರ ಕಾವೇರಿ ಕಾರ್ಯಾಚರಣೆಯ ಮೂಲಕ ಕರೆತಂದ ಮೇಲೆಯೇ ಬಹುಪಾಲು ಕನ್ನಡಿಗರಿಗೆ ಈ ಸಂಚಾರದ ಅರಿವಾಯಿತು.

7. ಹೊಣೆಯ ಪ್ರಶ್ನೆ

ಇಷ್ಟು ಚರಿತ್ರೆಯಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ನೇಮಕಾತಿಯ ಖರ್ಚನ್ನು ಕಾರ್ಮಿಕನ ಮೇಲೆ ಹೊರಿಸದೆ ಅವನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೇ ಭರಿಸಬೇಕು. ಏಕೆಂದರೆ ಗಿರಮಿಟ್‌ನ ಜೈಲುಶಿಕ್ಷೆ ಹೋದ ಮೇಲೂ ಉಳಿದುಕೊಂಡಿರುವ ಸಂಕೋಲೆ ಸಾಲ. ಎರಡನೆಯದಾಗಿ, ಮಾಲೀಕನನ್ನು ಬದಲಿಸುವ ಸ್ವಾತಂತ್ರ್ಯ ವಲಸೆ ಕಾರ್ಮಿಕನ ಎಲ್ಲ ಹಕ್ಕುಗಳ ತಾಯಿಬೇರು. ಬಿಟ್ಟುಹೋಗಲಾರದವನಿಗೆ ಉಳಿದ ಯಾವ ಹಕ್ಕೂ ಕಾಗದದಿಂದ ಕೈಗಿಳಿಯುವುದಿಲ್ಲ. ಮೂರನೆಯದಾಗಿ, ಒಂದು ದೇಶದಲ್ಲಿ ದಶಕಗಳ ಕಾಲ ದುಡಿದವನಿಗೆ ಆ ದೇಶದಲ್ಲಿ ನೆಲೆಯ ಹಕ್ಕಿನ ಕನಿಷ್ಠ ಭರವಸೆ ಮತ್ತು ಊರಿಗೆ ಮರಳುವಾಗ ಜೊತೆಗೆ ಬರುವ ನಿವೃತ್ತಿ ಭದ್ರತೆ ಇರಬೇಕು. ವಿದೇಶಕ್ಕೆ ಹೋಗುವ ಸ್ವಾತಂತ್ರ್ಯ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 1967ರಲ್ಲಿಯೇ ಸಾರಿದೆ. ಆದ್ದರಿಂದ ಹೋಗದಂತೆ ತಡೆಯುವುದು ರಕ್ಷಣೆಯಲ್ಲ, ಹೋದಲ್ಲಿ ಮಾನದಿಂದ ಬದುಕುವಂತೆ ಮಾಡುವುದು ರಕ್ಷಣೆ.

ಈ ಮಾತುಗಳನ್ನು ಅನ್ಯರಿಗೆ ಹೇಳುವ ಅಧಿಕಾರ ಬರಬೇಕಾದರೆ ಅದೇ ಅಳತೆಯನ್ನು ಇಲ್ಲಿಯೂ ಬಳಸಬೇಕಾಗುತ್ತದೆ. ಬಿಹಾರ, ಒಡಿಶಾ, ಬಂಗಾಳ, ಅಸ್ಸಾಮುಗಳಿಂದ ಬಂದವರು ಬೆಂಗಳೂರಿನ ಕಟ್ಟಡಗಳಲ್ಲೂ ಮಲೆನಾಡಿನ ಕಾಫಿ ತೋಟಗಳಲ್ಲೂ ದುಡಿಯುತ್ತಿದ್ದಾರೆ. 2020ರ ಮೇ ತಿಂಗಳ ಮೊದಲ ವಾರದಲ್ಲಿ, ಲಾಕ್‌ಡೌನಿನಿಂದ ಕೂಲಿ ನಿಂತು ಊರಿಗೆ ಹೊರಟಿದ್ದ ಕಾರ್ಮಿಕರ ರೈಲುಗಳನ್ನು ಕಟ್ಟಡ ಉದ್ಯಮಿಗಳ ಜೊತೆಗಿನ ಸಭೆಯ ನಂತರ ಕರ್ನಾಟಕ ಸರ್ಕಾರ ರದ್ದುಗೊಳಿಸಿ, ತೀವ್ರ ಟೀಕೆ ಬಂದ ಮೇಲೆ ಮತ್ತೆ ಓಡಿಸಿತು. ದುಡಿಮೆ ಬೇಕಾದಾಗ ಬಿಡಲೊಲ್ಲದ, ಬೇಡವಾದಾಗ ಹೊರಗಿನವರೆನ್ನುವ ಪ್ರವೃತ್ತಿ ಯಾವುದೋ ಒಂದು ದೇಶದ ಸ್ವಭಾವವಲ್ಲ, ಅದು ಅಧಿಕಾರದ ಸ್ವಭಾವ.

ಜನ ದೇಶ ಬಿಡುವುದೇಕೆ ಎಂಬ ಪ್ರಶ್ನೆಯನ್ನು ಬಿಟ್ಟವರಿಗೆ ಮಾತ್ರ ಕೇಳುತ್ತ ಬಂದಿರುವುದು ಸಾಕು. ಅವರನ್ನು ಕರೆದವರು ಯಾರು, ದಾರಿಯ ಸುಂಕ ಪಡೆದವರು ಯಾರು, ಅವರ ದುಡಿಮೆಯ ಫಲ ಉಂಡವರು ಯಾರು ಎಂದೂ ಕೇಳಿದಾಗ ವಲಸೆಯ ಚರ್ಚೆ ಭಯದಿಂದ ನ್ಯಾಯದ ಕಡೆಗೆ ತಿರುಗುತ್ತದೆ. ಸುಳ್ಯದ ರಬ್ಬರ್ ತೋಟದ ಕುಟುಂಬ, ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು ಬರಿಗೈಯಲ್ಲಿ ಮರಳಿದ ಕರಾವಳಿಯ ಕಾರ್ಮಿಕ, ಬೆಂಗಳೂರಿನ ಶೆಡ್ಡಿನಲ್ಲಿ ಮಲಗುವ ಪರರಾಜ್ಯದ ಗಾರೆಯವನು ಈ ಮೂವರಿಗೂ ಸಲ್ಲಬೇಕಾದದ್ದು ಕನಿಕರವಲ್ಲ, ದುಡಿಮೆಗೆ ತಕ್ಕ ಹಕ್ಕು. ಆ ಹಕ್ಕನ್ನು ಬರೆದುಕೊಡುವುದು ಕರೆದವರ ಸಾಲ, ಮತ್ತು ಅದನ್ನು ತೀರಿಸುವಂತೆ ಒತ್ತಾಯಿಸುವುದು ಆ ದುಡಿಮೆಯ ಮೇಲೆ ಬಾಳುತ್ತಿರುವ ಎಲ್ಲ ನಾಗರಿಕರ ಕರ್ತವ್ಯ.